ಹನ್ನೊಂದೂ ಹತ್ತಕ್ಕೆ ಬರುವವನು

14 ಜೂನ್ 2008, ಶನಿವಾರ

ಅಪಾಚೆ ಅನ್ನುವ ಸರ್ವರ್ ಸಾಫ್ಟ್‌ವೇರ್ ಮೂರನೇ ಸಲ ಕಿತ್ತು ಹಾಕಿ ಮೂರನೇ ಸಲ ಇನ್‌ಸ್ಟಾಲ್ ಮಾಡಿದೆ. ಈ ಸಲ ಎದ್ದು ನಿಂತಿತು. ಟೆಸ್ಟ್ ಪೇಜ್ ಬಂದಾಗ ಕೈ ತಣ್ಣಗಾಗಿತ್ತು. ಎಸಿಗಲ್ಲ.

ಜಟ್ಟೆಪ್ಪ ಸರ್ ಹಿಂದಿನಿಂದ ಬಗ್ಗಿ ನೋಡಿದರು. "ಚಲೋ ಆತ್ರೀ. ಈಗ ಮತ್ತ ತಗೀರಿ. ಕೈಗೆ ಬರೋತನಕ ತಲಿಗೆ ಬರಂಗಿಲ್ಲ."

ವಿಜಾಪುರದ ಕಡೆಯ ಮನುಷ್ಯ. ನಾನು ಕೆಲಸ ಮಾಡುವ ಥಾಣೆಯ ಸಂಘದ ಸರ್ವರ್ ಇರುವ ಮಹಾಪೆಯ ಡೇಟಾ ಸೆಂಟರಿನಲ್ಲಿ ಕೆಲಸ. ಶನಿವಾರ ಎರಡು ಗಂಟೆ ಹೇಳಿಕೊಡುತ್ತಾರೆ. ನಮ್ಮ ವಧೂವರ ಸೈಟ್ ಕಟ್ಟಿಕೊಟ್ಟವನು ದುಬೈಗೆ ಹೋದ. ಪ್ರೇಮನಾಥಣ್ಣ — ಸಂಘದ ಸೆಕ್ರೆಟರಿ — ಹೊಸಬರನ್ನು ಇಡುವುದಿಲ್ಲ ಅಂದರು. "ಜಯಲತಾ, ನೀನು ಹೇಗೂ ಟೈಪ್ ಮಾಡ್ತೀಯಲ್ಲ? ಅದೇ ಕೀಬೋರ್ಡ್. ಕಲಿತುಕೋ, ಬಸ್."

ಸರ್ವರ್ ಅಂದರೆ ದೊಡ್ಡ ಏನೋ ಅಂದುಕೊಂಡಿದ್ದೆ. ಯಾರೋ ಪುಟ ಕೇಳುತ್ತಾರೆ, ಇದು ತಂದಿಡುತ್ತದೆ. ಅಪ್ಪ ಕಲ್ಯಾಣದ ಹೋಟೆಲಿನಲ್ಲಿ ಮೂವತ್ತು ವರ್ಷ ಮಾಡಿದ್ದೂ ಅದನ್ನೇ.

ಡೊಂಬಿವಲಿಯ ಮನೆ ತಲುಪುವಾಗ ಆರೂವರೆ. ಅಪ್ಪ ಚಹಾ ಇಟ್ಟಿದ್ದರು. "ಎಂತ ಕಲಿತೆ ಇವತ್ತು?" ಹೇಳಿದೆ. ಅರ್ಥವಾಗದಿದ್ದರೂ ಪೂರ್ತಿ ಕೇಳಿದರು.

28 ಜೂನ್, ಶನಿವಾರ

ಇವತ್ತು ಲಾಗ್ ಓದಲು ಕಲಿತೆ. ಸೈಟಿಗೆ ಬಂದ ಪ್ರತಿಯೊಬ್ಬರಿಗೂ ಒಂದು ಸಾಲು. ಎಷ್ಟು ಗಂಟೆಗೆ ಬಂದರು, ಯಾವ ಪುಟ ನೋಡಿದರು. ಹೆಸರಿಲ್ಲ, ಅವರು ಬಂದ ಇಂಟರ್‌ನೆಟ್ ಲೈನಿನ ನಂಬರ್ ಮಾತ್ರ.

ಸರ್ ಹೋದ ಮೇಲೆ ಹುಡುಕಿದೆ. ಹುಡುಕಬಾರದಿತ್ತು.

ಅಪ್ಪ ತಂಗಿಯದ್ದೂ ನನ್ನದೂ ಸೈಟಿಗೆ ಹಾಕಿಸಿದ್ದಾರೆ. ಈ ತಿಂಗಳು ತಂಗಿ ನಿಕಿತಾಳ ಪುಟ ನೋಡಿದ್ದು ಆರುನೂರು ಸಲ. ನನ್ನದು ಒಂಬತ್ತು. ಅದರಲ್ಲಿ ಎರಡು ನಾನೇ. ಉಳಿದ ಏಳು ಮಂದಿ ಪುಟ ತೆರೆದು ನಾಲ್ಕು, ಐದು ಸೆಕೆಂಡಿಗೆ ಮುಂದಿನವಳಿಗೆ ಹೋಗಿದ್ದಾರೆ. ಒಬ್ಬ ಫೋಟೋ ಪೂರ್ತಿ ಇಳಿಯುವ ಮೊದಲೇ ಹೋದ.

ಮನೆಗೆ ಬಂದು ನೋಡಿಹೋದವರು ಮರ್ಯಾದೆಗಾದರೂ ತಿಂಡಿ ತಿಂದು ಏಳುತ್ತಿದ್ದರು. ಹನ್ನೊಂದು ಮಂದಿ. ಯಾರೂ ಅರ್ಧ ಗಂಟೆಗಿಂತ ಮೊದಲು ಎದ್ದದ್ದಿಲ್ಲ.

9 ಜುಲೈ, ಬುಧವಾರ

ಒಬ್ಬ ಬರುತ್ತಿದ್ದಾನೆ.

ಬರೆಯಲೋ ಬೇಡವೋ ಅಂತ ಮೂರು ದಿನ ಸುಮ್ಮನಿದ್ದೆ. ಜೂನ್ 30ರಿಂದ, ದಿನಾ, ಹನ್ನೊಂದೂ ಹತ್ತರ ಸುಮಾರಿಗೆ. ಒಂದೇ ನಂಬರ್. ನೇರ ನನ್ನ ಪುಟಕ್ಕೆ. ಬೇರೆ ಯಾರನ್ನೂ ನೋಡುವುದಿಲ್ಲ. ಒಂದೇ ಪುಟ ಏಳು ಸಲ, ಎಂಟು ಸಲ. ನೋಡಿದ್ದು ಸಾಲದೆ ಮತ್ತೆ ನೋಡುವ ಹಾಗೆ.

ಭಾನುವಾರ ಮಾತ್ರ ಇಲ್ಲ. ಆಫೀಸಿನಿಂದ ನೋಡುವವನಿರಬೇಕು.

19 ಜುಲೈ, ಶನಿವಾರ

ಮೂವತ್ತೈದು ತುಂಬಿತು. ಅಪ್ಪ ಪಾಯಸ ಮಾಡಿದ್ದರು.

ಜಟ್ಟೆಪ್ಪ ಸರ್, "ಸೋಮವಾರ ಹನ್ನೊಂದಕ್ಕ ಸರ್ವರ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡೂಣ್ರಿ" ಅಂದರು. ಬೇಡ, ನಾಲ್ಕಕ್ಕೆ ಮಾಡುವ ಅಂದೆ.

"ಯಾಕ್ರೀ? ಹನ್ನೊಂದಕ್ಕ ಮಂದಿನ ಇರಂಗಿಲ್ಲ."

"ಒಬ್ಬರು ಇರ್ತಾರೆ ಸರ್."

ನನ್ನ ಮುಖ ನೋಡಿದರು. ನಕ್ಕರು. ನಾಲ್ಕು ಅಂತ ಬರೆದುಕೊಂಡರು. ರೀಸ್ಟಾರ್ಟ್ ಆಗುವ ಎರಡು ನಿಮಿಷ ಸೈಟಿನ ಬಾಗಿಲು ಮುಚ್ಚಿರುತ್ತದೆ. ಅದೂ ಅವನಿಗೆ ಮುಚ್ಚಿರಬಾರದು.

1 ಆಗಸ್ಟ್, ಶುಕ್ರವಾರ

ಫೋಟೋ ಬದಲಿಸಿದೆ. ನೌಪಾಡಾದ ಸ್ಟುಡಿಯೋ. ಹಸಿರು ಸೀರೆ. ಬೆಳಿಗ್ಗೆ ಹತ್ತಕ್ಕೆ ಅಪ್‌ಲೋಡ್ ಮಾಡಿ ಕಾದೆ. ಲಾಗ್ ಕಣ್ಣೆದುರೇ ಓಡುವ ಹಾಗೆ ಇಡಬಹುದು, ಒಂದೊಂದೇ ಸಾಲು ಕೆಳಗಿನಿಂದ ಏಳುತ್ತದೆ.

11:12. ಬಂದ. ಇವತ್ತು ಹದಿನಾಲ್ಕು ಸಲ!

ರೈಲಿನಲ್ಲಿ ಕಿಟಕಿ ಸಿಕ್ಕಿತು. ಪಕ್ಕದ ಹೆಂಗಸು "ಕಾಯ್ ಗ, ಹಸತೇಸ್ ಕಾ?" ಅಂದಳು. ನಗುತ್ತಿದ್ದೆನೇನೋ.

ಮನೆಯಲ್ಲಿ ನಿಕಿತಾ ಬಾಗಿಲು ಬಡಿದಳು. ಅವಳಿಗೆ ಇಪ್ಪತ್ತಾರು. ಮೆಚ್ಚಿದ್ದು ವಾಶಿಯ ಕೀರ್ತನ್ ಅಂತ, ಅವಳ ಆಫೀಸಿನವನನ್ನೇ. ಅವನ ಮನೆಯವರು ದೀಪಾವಳಿಯವರೆಗೆ ಕಾಯುತ್ತಾರಂತೆ. ಅಪ್ಪನದು ಒಂದೇ ಮಾತು — ದೊಡ್ಡವಳದ್ದು ಮೊದಲು.

"ಅಕ್ಕಾ, ಸಚ್ ಬೋಲೂಂ? ನಿನ್ನದು ಆಗೋದಿಲ್ಲ. ಸಬ್‌ಕೋ ಪತಾ ಹೈ. ಅಪ್ಪ ಒಬ್ಬರಿಗೇ ಗೊತ್ತಿಲ್ಲ."

ಅಪ್ಪ ಅಡುಗೆಮನೆಯಲ್ಲಿದ್ದರು. ಕೇಳಿಸಿತು. ನಲ್ಲಿ ಜೋರಾಗಿ ಬಿಟ್ಟರು.

ಬೇರೆ ದಿನವಾಗಿದ್ದರೆ ಅಳುತ್ತಿದ್ದೆ.

8 ಆಗಸ್ಟ್, ಶುಕ್ರವಾರ

ರಜೆ ಹಾಕಿದೆ, ಜ್ವರ. ಸಂಜೆ ನಾಲ್ಕಕ್ಕೆ ಗಲ್ಲಿಯ ತುದಿಯ ಸೈಬರ್ ಕೆಫೆಗೆ ಹೋಗಿ ಸೈಟ್ ತೆರೆದು ನೋಡಿದೆ, ನಡೆಯುತ್ತಿದೆಯೋ ಇಲ್ಲವೋ ಅಂತ. ನಡೆಯುತ್ತಿತ್ತು. ನನ್ನ ಪುಟದ ಕೆಳಗೆ — ಈ ವಿವರ ನೋಡಿದವರು: 318. ಮೊದಲು ಇಪ್ಪತ್ತೂ ಇರಲಿಲ್ಲ.

11 ಆಗಸ್ಟ್, ಸೋಮವಾರ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಶುಕ್ರವಾರದ ಲಾಗ್ ನೋಡುತ್ತಿದ್ದೆ. ಸಂಜೆ ನಾಲ್ಕರ ಸಾಲು ಸಿಕ್ಕಿತು, ಅದು ನಾನು, ಕೆಫೆಯಿಂದ. ನಂಬರ್ ನೋಡಿದೆ. ಮತ್ತೆ ನೋಡಿದೆ. ಅವನದೇ ನಂಬರ್.

ಅಂದರೆ ಅವನು ಬರುವುದು ನಮ್ಮ ಗಲ್ಲಿಯ ಕೆಫೆಗೆ! ಪುಣೆ ಅಂದುಕೊಂಡಿದ್ದೆ, ಒಮ್ಮೆ ದೋಹಾ ಅಂದುಕೊಂಡಿದ್ದೆ. ಇಲ್ಲೇ. ನಮ್ಮ ಬಿಲ್ಡಿಂಗಿನಿಂದ ನೂರು ಹೆಜ್ಜೆ. ನನ್ನನ್ನು ರಸ್ತೆಯಲ್ಲಿ ನೋಡಿದವನು. ನೋಡಿಯೂ ಮತ್ತೆ ನೋಡುವವನು.

ನಾಳೆ ಲೇಟ್ ಮಾರ್ಕ್ ಆದರೆ ಆಗಲಿ.

12 ಆಗಸ್ಟ್, ಮಂಗಳವಾರ. ಮಧ್ಯಾಹ್ನ 3

ಹಸಿರು ಸೀರೆಯೇ ಉಟ್ಟಿದ್ದೆ. ಹೂವು ಬೇರೆ. ಆಫೀಸಿಗೆ ಅಂತ ಹೊರಟವಳು ಸ್ಟೇಷನ್ ತನಕ ಹೋಗಿ ತಿರುಗಿದೆ.

ಕೆಫೆಯಲ್ಲಿ ನಾಲ್ಕೇ ಕಂಪ್ಯೂಟರ್. ಮೂರು ಖಾಲಿ. ಮೂಲೆಯಲ್ಲಿ ಅಪ್ಪ.

ಬೆನ್ನು ಇತ್ತ. ಇಸ್ತ್ರಿ ಮಾಡಿದ ಬಿಳಿ ಶರ್ಟು, ದೇವಸ್ಥಾನಕ್ಕೆ ಹೋಗುವಾಗ ಹಾಕುವುದು. ಕನ್ನಡಕ ಹಣೆಗೆ ಏರಿಸಿ ಪರದೆಗೆ ಮೂಗು ತಾಗಿಸಿಕೊಂಡಿದ್ದರು. ಒಂದು ಬೆರಳು ಕೀ ಮೇಲೆ. ಒತ್ತುವುದು. ಪುಟ ಬರುವವರೆಗೆ ಕಾಯುವುದು. ಬಗ್ಗಿ ಕೆಳಗಿನ ಅಂಕಿ ನೋಡುವುದು. ಒಂದು ಹೆಚ್ಚಾಗಿದೆ. ಮತ್ತೆ ಒತ್ತುವುದು.

ಕೌಂಟರಿನವನು ನನ್ನನ್ನು ನೋಡಿ ನಕ್ಕ. "ಕಾಕಾ ರೋಜ್ ಯೇತಾತ್. ನಂಬರ್ ವಾಢವತಾತ್." ದಿನಾ ಬಂದು ನಂಬರ್ ಏರಿಸುತ್ತಾರಂತೆ. ನೋಡಿದವರು ಹೆಚ್ಚು ಅಂತ ಕಂಡರೆ ಇನ್ನೂ ನಾಲ್ಕು ಜನ ನೋಡುತ್ತಾರೆ ಅಂತ ಇವನಿಗೆ ವಿವರಿಸಿದ್ದಾರಂತೆ. ಖಾಲಿ ಹೋಟೆಲಿಗೆ ಯಾರೂ ಹತ್ತುವುದಿಲ್ಲ, ಅಂದರಂತೆ.

ತಿರುಗಿ ಬಂದೆ. ಅಪ್ಪ ನನ್ನನ್ನು ನೋಡಲಿಲ್ಲ.

ರೈಲಿನಲ್ಲಿ ಹೂವು ಕಿತ್ತೆ. ಆಫೀಸಿಗೆ ಬಂದು ಮಾಡಿದ ಮೊದಲ ಕೆಲಸ — ಸರ್ವರಿನ ಫೈಲಿಗೆ ಎರಡು ಸಾಲು ಸೇರಿಸಿದ್ದು. ಆ ನಂಬರಿಗೆ ನನ್ನ ಪುಟ ಇಲ್ಲ. ನಿಕಿತಾಳದ್ದು ಉಂಟು, ಎಲ್ಲರದ್ದೂ ಉಂಟು. ನನ್ನದು ಮಾತ್ರ ಇಲ್ಲ. ಟೆಸ್ಟ್ ಮಾಡಿದೆ, ತಪ್ಪಿಲ್ಲ. ರೀಸ್ಟಾರ್ಟ್.

ಜಟ್ಟೆಪ್ಪ ಸರ್ ಕಳೆದ ವಾರವಷ್ಟೇ ಇದನ್ನು ಹೇಳಿಕೊಟ್ಟಿದ್ದು. ಕೆಟ್ಟ ಮಂದಿಯನ್ನು ಹೊರಗಿಡಲು.

13 ಆಗಸ್ಟ್, ಬುಧವಾರ

ಲಾಗ್ ತೆರೆದು ಕುಳಿತೆ.

11:09. ಬಂದರು. 403. ಅನುಮತಿ ಇಲ್ಲ.

11:09. 11:10. 11:10. 11:11. ಸಾಲುಗಳು ಏಳುತ್ತಲೇ ಇದ್ದವು. ಪ್ರತಿ ಸಾಲಿನ ಕೊನೆಗೆ ಅದೇ ಅಂಕಿ. ನಡುವೆ ಒಮ್ಮೆ ನಿಕಿತಾಳ ಪುಟ, ತೆರೆಯಿತು. ಮತ್ತೆ ನನ್ನದು. ಇಲ್ಲ.

ಇಪ್ಪತ್ತೆರಡು ನಿಮಿಷ ತಟ್ಟಿದರು. ಮೂವತ್ತೊಂದು ಸಲ. ನಾನು ಚಹಾ ಕುಡಿದೆ. ಒಂದು ಗುಟುಕೂ ಬಿಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಜಯಾ, ಈ ಫರ್ಬಿಡನ್ ಅಂದರೆ ಎಂತ?"

"ಒಳಗೆ ಬರಬಾರದು ಅಂತ. ಯಾಕಪ್ಪ?"

"ಏನಿಲ್ಲ. ಎಲ್ಲೋ ಬೋರ್ಡಿನಲ್ಲಿ ಕಂಡೆ."

ಅನ್ನ ಕಲಸಿ ಹಾಗೇ ಬಿಟ್ಟರು. ನನಗೆ ತೃಪ್ತಿಯಾಯಿತು. ಬರೆದು ಇಡುತ್ತೇನೆ, ಸುಳ್ಳು ಯಾಕೆ. ತೃಪ್ತಿಯಾಯಿತು.

14 ಆಗಸ್ಟ್

ಹತ್ತೊಂಬತ್ತು ಸಲ.

18 ಆಗಸ್ಟ್

ನಾಲ್ಕು.

20 ಆಗಸ್ಟ್, ಬುಧವಾರ

ಬರಲಿಲ್ಲ.

ಆ ಎರಡು ಸಾಲು ತೆಗೆಯಬೇಕು ಅಂತ ಫೈಲ್ ತೆರೆದೆ. ಮುಚ್ಚಿದೆ. ಆರು ವಾರ ನನ್ನನ್ನು ಯಾರೋ ಪ್ರೀತಿಸಿದ ಹಾಗಿತ್ತು. ಅದನ್ನು ಅಪ್ಪನೇ ಕೊಟ್ಟು ಅಪ್ಪನೇ ಕಿತ್ತರು. ಕೊಟ್ಟದ್ದು ಅವರಿಗೆ ಗೊತ್ತೇ ಇಲ್ಲ, ಅದೂ ಗೊತ್ತು ನನಗೆ. ಆದರೂ.

21 ಆಗಸ್ಟ್, ಗುರುವಾರ

ಅಪ್ಪ ಆಫೀಸಿಗೆ ಬಂದರು.

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಂದವರಲ್ಲ. ಅದೇ ಬಿಳಿ ಶರ್ಟು. ನನ್ನ ಮೇಜಿನ ಹತ್ತಿರ ನಿಲ್ಲಲಿಲ್ಲ, ನೇರ ಪ್ರೇಮನಾಥಣ್ಣನ ಎದುರು ಹೋಗಿ ನಿಂತರು. ನಡುವೆ ಗಾಜು ಕೂಡ ಇಲ್ಲ. ಎಲ್ಲ ಕೇಳಿಸುತ್ತದೆ.

"ನನ್ನ ಮಗಳ ಪುಟ ತೆಗೆದಿದ್ದೀರಿ ಅಂತ ಕಾಣ್ತದೆ. ಚಿಕ್ಕವಳದ್ದು ಬರ್ತದೆ. ಇವಳದ್ದು ಬರುವುದಿಲ್ಲ."

"ಕೂತ್ಕೊಳ್ಳಿ ಲೀಲಾಧರಣ್ಣ."

ಕೂರಲಿಲ್ಲ. "ಮೂವತ್ತೈದು ಆಯ್ತು ಅಂತ ತೆಗೆದದ್ದಾ? ಇನ್ನೊಂದು ವರ್ಷ ಇರಲಿ ಅಣ್ಣ. ನೋಡುವವರು ಇದ್ದರು. ಮುನ್ನೂರು ಮಂದಿ ದಾಟಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ."

ಪ್ರೇಮನಾಥಣ್ಣ ಹಲ್ಲು ಕಡ್ಡಿ ಕಚ್ಚಿಕೊಂಡು ಯೋಚಿಸಿದರು. "ಕಮಿಟಿಯಲ್ಲಿ ಹಾಗೊಂದು ಮಾತಾಗಿತ್ತು, ವಯಸ್ಸಾದವರದ್ದು ತೆಗೆಯುವ, ಸೈಟು ಹಳಸಿದ ಹಾಗೆ ಕಾಣ್ತದೆ ಅಂತ. ತೆಗೆದಿರಬಹುದು." ನನ್ನ ಕಡೆ ತಿರುಗಿದರು. "ಜಯಲತಾ, ತೆಗೆದದ್ದು ನೀನಾ?"

ಇಬ್ಬರೂ ನೋಡುತ್ತಿದ್ದರು. ಮಾಡಬೇಕಾದದ್ದು ಇಷ್ಟೇ — ಸ್ಕ್ರೀನ್ ಅವರತ್ತ ತಿರುಗಿಸಿ, ಇಲ್ಲೇ ಉಂಟಲ್ಲ ಅಪ್ಪ ಅನ್ನುವುದು. ಆಮೇಲೆ ಕೆಫೆಯದ್ದೂ ಹೇಳಬೇಕು. ಆಮೇಲೆ ಬೆರಳು. ಹಸಿರು ಸೀರೆ.

"ಹೌದು," ಅಂದೆ. "ತೆಗೆದೆ."

ಪ್ರೇಮನಾಥಣ್ಣನಿಗೆ ನಿರಾಳವಾಯಿತು. "ಟೆನ್ಶನ್ ಮಾಡಬೇಡಿ. ನನ್ನ ಕಣ್ಣಲ್ಲಿ ಒಬ್ಬರಿದ್ದಾರೆ. ಟಿಟ್ವಾಳಾ. ಎರಡನೇ ಸಂಬಂಧ, ಆದರೆ ಒಳ್ಳೇ ಜನ. ಈಗ ನೀವು ಹಟ ಮಾಡಬಾರದು."

ಸಂಜೆ ಥಾಣೆಯಲ್ಲಿ ಐದನೇ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಕಾಯುತ್ತಿದ್ದರು. ಐದು ಗಂಟೆ ಹೊತ್ತು ಅಲ್ಲೇ ಕುಳಿತಿದ್ದರು. ಎರಡು ರೈಲು ಬಿಟ್ಟೆವು. ಮೂರನೆಯದು ಬರುವಾಗ ನನ್ನ ಚೀಲ ತೆಗೆದುಕೊಂಡು ಹೇಳಿದರು —

"ನಿನ್ನ ಕೈಯಿಂದಲೇ ತೆಗೆಸಿದರಲ್ಲ ಮಗಾ. ಅಷ್ಟಾದರೂ ಬೇರೆಯವರ ಹತ್ತಿರ ಮಾಡಿಸಬಹುದಿತ್ತು."

ರೈಲು ಹತ್ತಿದೆವು.

7 ಸೆಪ್ಟೆಂಬರ್, ಭಾನುವಾರ

ಟಿಟ್ವಾಳಾ. ಚೌತಿಯ ಜನ ಇನ್ನೂ ಇತ್ತು, ಸ್ಟೇಷನ್ನಿನಲ್ಲಿ ಇಳಿಯಲು ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು.

ಹೆಸರು ಪುಂಡರೀಕಾಕ್ಷ. ನಲವತ್ತೇಳು. ಒಂದು ಶಾಲೆಯ ಕ್ಯಾಂಟೀನ್ ನಡೆಸುತ್ತಾರೆ. ಮಕ್ಕಳಿಲ್ಲ. ಹೆಂಡತಿ ತೀರಿ ಎರಡು ವರ್ಷ. ತಾಯಿ ಹಾಸಿಗೆ ಹಿಡಿದಿದ್ದಾರೆ, ಅದಕ್ಕೇ ನಾವೇ ಹೋದದ್ದು. ತಾಯಿ ನನ್ನ ಮುಖ ನೋಡಲಿಲ್ಲ. ಅಂಗೈ ತಿರುಗಿಸಿ ನೋಡಿದರು. "ಮೆತ್ತಗಿದೆ," ಅಂದರು ಮಗನಿಗೆ, ಬೇಸರದಲ್ಲಿ.

ಪುಂಡರೀಕಾಕ್ಷ ಕೆಟ್ಟವರಲ್ಲ. ಸುಳ್ಳು ಹೇಳುವುದಿಲ್ಲ. ಬಾಲ್ಕನಿಯಲ್ಲಿ ಹತ್ತು ನಿಮಿಷ ಮಾತಾಡಲು ಬಿಟ್ಟಾಗ ಹೇಳಿದರು, "ನಿಮ್ಮ ಫೋಟೋ ನಾನು ಸೈಟಲ್ಲಿ ನೋಡಿದ್ದೆ. ಜೂನಲ್ಲಿ."

ಅವರ ಕಡೆ ತಿರುಗಿದೆ. "ನೋಡಿ?"

"ನೋಡಿ ಮುಂದೆ ಹೋದೆ. ಆಗ ಮೂವತ್ತರ ಒಳಗಿನವರೇ ಬೇಕು ಅಂತ ಇತ್ತು. ಈಗ ಅಮ್ಮನಿಗೆ ಹೀಗಾಗಿದೆ." ಒಳಗೆ ತಾಯಿಯ ಕಡೆ ನೋಡಿ, "ಕೆಲಸ ಬಿಡಬೇಕಾಗ್ತದೆ. ಅಮ್ಮನನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ."

ಒಳಗೆ ಬರುವಷ್ಟರಲ್ಲಿ ಅಪ್ಪ ಮಾತು ಕೊಟ್ಟಾಗಿತ್ತು.

8 ಸೆಪ್ಟೆಂಬರ್, ಸೋಮವಾರ

ನಿಕಿತಾ ಬೆಳಿಗ್ಗೆ ತಬ್ಬಿಕೊಂಡಳು. ಅಕ್ಕಾ ಥ್ಯಾಂಕ್ಯೂ, ಥ್ಯಾಂಕ್ಯೂ. ಕೀರ್ತನ್‌ಗೆ ಫೋನ್ ಮಾಡಿ ಅತ್ತಳು. ಎಷ್ಟು ವರ್ಷವಾಗಿತ್ತು ಅವಳು ನನ್ನನ್ನು ಮುಟ್ಟದೆ.

13 ಸೆಪ್ಟೆಂಬರ್, ಶನಿವಾರ

ಜಟ್ಟೆಪ್ಪ ಸರ್ ಖುಷಿಯಲ್ಲಿ ಬಂದರು. ಮಹಾಪೆಯಲ್ಲಿ ಒಂದು ಪೋಸ್ಟ್, ಜೂನಿಯರ್ ಅಡ್ಮಿನ್, ಹಗಲಿನ ಶಿಫ್ಟ್. ನನ್ನ ಹೆಸರು ಹೇಳಿಬಿಟ್ಟಿದ್ದಾರೆ. "ಸುಮ್ನ ಇಂಟರ್‌ವ್ಯೂ ನಡಸ್ತಾರ್ರೀ. ನಿಮ್ಮ ಕೆಲಸ ನಾ ನೋಡೀನಿ. ನಿಮಗಿಂತ ಚಲೋ ಮಾಡೋರು ನನ್ನ ಟೀಮಿನಾಗ ಇಬ್ಬರೂ ಇಲ್ಲ."

ಯಾರೂ ನನಗೆ ಹೀಗೆ ಹೇಳಿದ್ದಿಲ್ಲ. ಯಾವ ವಿಷಯಕ್ಕೂ.

ಮದುವೆ ನಿಶ್ಚಯ ಆಗಿದೆ ಸರ್, ಅಂದೆ.

"ಆ ಹನ್ನೊಂದರವರಾ?" ಕಣ್ಣು ಮಿನುಗಿಸಿ ಕೇಳಿದರು.

14 ಸೆಪ್ಟೆಂಬರ್, ಭಾನುವಾರ

ಅಪ್ಪನಿಗೆ ಹೇಳಿದೆ.

ನಿಕಿತಾ ಇರಲಿಲ್ಲ. ಅಪ್ಪ ಬಾಳೆಕಾಯಿ ಹೆಚ್ಚುತ್ತಿದ್ದರು. ಮಹಾಪೆಯ ಕೆಲಸದಿಂದ ಶುರು ಮಾಡಿದೆ, ಈ ಮದುವೆ ಬೇಡ ಅಂದೆ. ಕಮಿಟಿ ಏನೂ ತೆಗೆಸಲಿಲ್ಲ ಅಂದೆ. ಕೆಫೆಗೆ ಬಂದಿದ್ದೆ. ನೋಡಿದೆ. ಮುಚ್ಚಿದ್ದು ನಾನು. ನಿಮಗೊಬ್ಬರಿಗೇ.

ಚಾಕು ನಿಂತಿತು.

"ನಾನು ಒತ್ತುತ್ತಿದ್ದದ್ದು ನಿನಗೆ ಅಲ್ಲಿ ಕಾಣುತ್ತಿತ್ತಾ?"

"ಕಾಣುತ್ತಿತ್ತು."

"ಪ್ರತಿ ಸಲ?"

"ಪ್ರತಿ ಸಲ."

ತಲೆ ಆಡಿಸಿದರು. ಹೋಳುಗಳನ್ನು ನೀರಿಗೆ ಹಾಕಿದರು, ಕೈ ತೊಳೆದರು, ಒರೆಸಿಕೊಂಡರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

"ಟಿಟ್ವಾಳಾದವರಿಗೆ ಮಾತು ಕೊಟ್ಟಾಗಿದೆ," ಅಂದರು. "ವಾಶಿಯವರಿಗೂ ಹೇಳಿಯಾಗಿದೆ. ಈಗ ನೀನು ಒಂದು ಬಾಗಿಲು ಹಾಕಿದರೆ ಅವಳದ್ದೂ ಹಾಕಿದ ಹಾಗೆ."

ಪಲ್ಯ ಮಾಡಿದರು. ನನಗೂ ಬಡಿಸಿದರು.

27 ಸೆಪ್ಟೆಂಬರ್

ಅಪ್ಪ ನನ್ನೊಡನೆ ಮಾತಾಡುತ್ತಾರೆ. ಗ್ಯಾಸ್ ಬಂತಾ, ರೈಲು ಲೇಟಾ, ಕೊಡೆ ತಗೋ. ಎಂತ ಕಲಿತೆ ಅಂತ ಕೇಳುವುದಿಲ್ಲ.

ಮಹಾಪೆಗೆ ಇಲ್ಲ ಅಂತ ಬರೆದು ಕಳಿಸಿದೆ. ಜಟ್ಟೆಪ್ಪ ಸರ್ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ.

13 ಅಕ್ಟೋಬರ್, ಸೋಮವಾರ. ಸಂಜೆ 4

ಕೊನೆಯ ವಾರ. ಪಾಸ್‌ವರ್ಡ್ ಎಲ್ಲ ಲಕೋಟೆಯಲ್ಲಿ ಹಾಕಿ ಪ್ರೇಮನಾಥಣ್ಣನಿಗೆ ಕೊಟ್ಟೆ. ಕಪಾಟಿನಲ್ಲಿ ರಸೀದಿ ಪುಸ್ತಕದ ಕೆಳಗೆ ಇಟ್ಟರು. ಹೊಸಬರು ಯಾರು ಅಂತ ಇನ್ನೂ ಗೊತ್ತಿಲ್ಲ. ಸರ್ವರ್ ತಾನಾಗಿ ನಡೆಯುತ್ತದೆ ಅಂದುಕೊಂಡಿದ್ದಾರೆ.

ಮಧ್ಯಾಹ್ನ ಒಂದು ಫೋಟೋ ತಂದುಕೊಟ್ಟರು. ನಿಶ್ಚಿತಾರ್ಥದ್ದು. ಪುಂಡರೀಕಾಕ್ಷ, ನಾನು, ನಡುವೆ ಗಾಲಿ ಕುರ್ಚಿಯಲ್ಲಿ ಅವರ ತಾಯಿ. "ತಾಯಿಯನ್ನು ಕತ್ತರಿಸಿ ಮೊದಲ ಪುಟಕ್ಕೆ ಹಾಕು. ನಮ್ಮ ಸೈಟಿನಿಂದ ಕೂಡಿದ ಮೊದಲ ಜೋಡಿ ಅಂತ ದೊಡ್ಡದಾಗಿ."

"ಸೈಟಿನಿಂದ ಅಲ್ಲವಲ್ಲ ಅಣ್ಣ. ನೀವು ಹೇಳಿದ್ದು."

"ಅಯ್ಯೋ, ನಾನು ಬೇರೆ ಸೈಟು ಬೇರೆಯಾ? ಹಾಕು."

ಕತ್ತರಿಸಿದೆ. ಹಾಕಿದೆ. ನಮ್ಮಿಬ್ಬರ ನಡುವೆ ಒಂದು ಮುದುಕಿಯ ಕೈ ಉಳಿದುಕೊಂಡಿತು, ಅದನ್ನೂ ಅಳಿಸಿದೆ. ಪುಟ ತೆರೆಯಿತು, ಎಲ್ಲರಿಗೂ.

ಪ್ರೇಮನಾಥಣ್ಣ ಈಗ ಹಿಂದೆ ನಿಂತಿದ್ದಾರೆ. "ಕೆಳಗೆ ನಾಲ್ಕು ಸಾಲು ನಿನ್ನ ಮಾತಲ್ಲೇ ಬರಿ ಮಗಳೇ. ಹೇಗೆ ಕೂಡಿತು ಅಂತ. ಓದಿದವರಿಗೆ ಧೈರ್ಯ ಬರಬೇಕು."

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಟೈಪ್ ಮಾಡಿದರಾಯಿತು —

ನನ್ನ ಹೆಸರು ಜಯಲತಾ. ಹನ್ನೊಂದು ವರ್ಷ ಇದೇ ಸಂಘದ ಕಚೇರಿಯಲ್ಲಿ ಕೆಲಸ ಮಾಡಿದ್ದೇನೆ. ಅವರು ನನ್ನ ಫೋಟೋವನ್ನು ಮೊದಲ ಸಲ ಇದೇ ಸೈಟಿನಲ್ಲಿ ನೋಡಿ ಮುಂದೆ —